ಕೆಂಪು ಬೂಟಿನ ಸಿಳ್ಳೆ

ಓಹಾಯೊದ ಹಾರ್ಲಿಟನ್ ಊರಿನಾಚೆ ಇರುವ ಆರ್ಡಿತ್ ಕುಲ್ಮನ್‌ಳ ಕೊಟ್ಟಿಗೆಯಲ್ಲಿ ಹಸು ಕಟ್ಟುವುದನ್ನು ಬಿಟ್ಟು ಮೂವತ್ತು ವರ್ಷವಾಗಿತ್ತು. ಈಗ ಅಲ್ಲಿ ಸಾಲುಗಟ್ಟಿ ನಿಂತಿದ್ದದ್ದು ನೂರ ಅರವತ್ತಮೂರು ಹಳೆಯ ವ್ಯಾಕ್ಯೂಮ್ ಕ್ಲೀನರ್‌ಗಳು. ನಿಲ್ಲುವ ಜಾತಿಯವು ಒಂದು ಗೋಡೆಗೆ, ಹೊಟ್ಟೆಯ ಮೇಲೆ ತೆವಳುವ ಜಾತಿಯವು ಇನ್ನೊಂದು ಗೋಡೆಗೆ. ಒಂದೊಂದರ ಕೊರಳಿಗೂ ಒಂದೊಂದು ಚೀಟಿ. ಅವಳ ಗಂಡ ಮರ್ಲ್ ಬಂದವರಿಗೆಲ್ಲ ಹೇಳುತ್ತಿದ್ದ ಮಾತು ಒಂದೇ: "ಇಷ್ಟೆಲ್ಲ ಇದೆ ನೋಡಿ, ಮನೆ ಗುಡಿಸೋಕೆ ಮಾತ್ರ ನನ್ನ ಕೈಗೆ ಪೊರಕೆ."

ಎಪ್ಪತ್ತಮೂರರ ಆರ್ಡಿತ್ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಬೆನ್ನ ಹಿಂದೆ ಅರವತ್ತು ಮಕ್ಕಳು ಕೂಗಾಡುತ್ತಿದ್ದರೂ ಎಂಜಿನ್ನಿನಲ್ಲಿ ಯಾವ ಬೋಲ್ಟು ಸಡಿಲವಾಗಿದೆ ಎಂಬುದನ್ನು ಕಿವಿಯಿಂದಲೇ ಹೇಳುತ್ತಿದ್ದಳು. ಹೋದ ವರ್ಷ ಡಾಕ್ಟರು, ವಯಸ್ಸಾಯಿತಲ್ಲ, ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದಾಗ, "ನಿಮ್ಮ ಫ್ಯಾನಿನ ಬೇರಿಂಗು ಹೋಗಿದೆ, ಮೊದಲು ಅದನ್ನ ಮಾಡಿಸಿ," ಎಂದು ಹೇಳಿ ಎದ್ದು ಬಂದಿದ್ದಳು. ಬೇರಿಂಗು ನಿಜಕ್ಕೂ ಹೋಗಿತ್ತು.

ವಾರಕ್ಕೊಬ್ಬರಾದರೂ ಆ ಕೊಟ್ಟಿಗೆಗೆ ಬರುತ್ತಿದ್ದರು. ನಮ್ಮಜ್ಜಿಯ ಮನೆಯಲ್ಲಿ ಹಸಿರು ಬಣ್ಣದ್ದೊಂದಿತ್ತು, ಮುಂದೆ ದೀಪ ಇತ್ತು, ಹೆಸರು ಗೊತ್ತಿಲ್ಲ ಎನ್ನುತ್ತಿದ್ದರು. ಆರ್ಡಿತ್ ಎರಡು ಪ್ರಶ್ನೆ ಕೇಳಿ ನೆಟ್ಟಗೆ ಹೋಗಿ ಅದನ್ನೇ ಎಳೆದು ತಂದು ಚಾಲೂ ಮಾಡುತ್ತಿದ್ದಳು. ಒಮ್ಮೆ ಆರಡಿ ಎತ್ತರದ ಲಾರಿ ಡ್ರೈವರೊಬ್ಬ ಆ ಸದ್ದು ಕೇಳಿ ನೆಲದ ಮೇಲೆ ಕೂತು ಮಗುವಿನಂತೆ ಅತ್ತುಬಿಟ್ಟ. ಅವನು ಸಾಕೆನ್ನುವವರೆಗೂ ಆರ್ಡಿತ್ ಅದನ್ನು ನಿಲ್ಲಿಸಲಿಲ್ಲ. "ಅಮ್ಮಂದಿರ ದನಿ ಮರೆತುಹೋಗುತ್ತೆ ಕಣಪ್ಪ. ಅವರ ಯಂತ್ರದ ದನಿ ಮಾತ್ರ ಮರೆಯಲ್ಲ," ಎಂದು ಅವನಿಗೆ ಕಾಫಿ ಕೊಟ್ಟು ಕಳಿಸಿದಳು.

ಊರವರ ಅಮ್ಮಂದಿರದೆಲ್ಲ ಅಲ್ಲಿತ್ತು, ಅವಳ ಅಮ್ಮನದೊಂದು ಇರಲಿಲ್ಲ. ಅದು ಅವಳ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿದಿತ್ತು.

ಅಮ್ಮನದು ಬೂದು ಬಣ್ಣದ ಗ್ಲೆನ್‌ಹಾರ್ಟ್. ಎರಡು ಹಲಗೆಗಳ ಮೇಲೆ ಜಾರುವ, ಹಂದಿಮರಿಯಷ್ಟು ಗಾತ್ರದ ಉರುಟು ಯಂತ್ರ, ಪಕ್ಕೆಯ ಮೇಲೆ ಬೆಳ್ಳಿ ಅಕ್ಷರದ ಹೆಸರು. ಶನಿವಾರ ಬೆಳಿಗ್ಗೆ ಅಮ್ಮ ಅದನ್ನು ಹೊರತೆಗೆದರೆ ಆರ್ಡಿತ್ ಮತ್ತು ಅವಳ ತಮ್ಮ ಲೋವೆಲ್ ಸೋಫಾ ಹತ್ತಿ ಕೂರಬೇಕು. ಕೊಳವೆ ಹತ್ತಿರ ಬಂದ ಕೂಡಲೇ ಅಮ್ಮ ಒಂದೇ ಮಾತು ಕೂಗುತ್ತಿದ್ದಳು: "ಕಾಲು!" ಇಬ್ಬರೂ ನಾಲ್ಕೂ ಕಾಲು ಮೇಲೆತ್ತಬೇಕು. ಯಾರು ಮೊದಲು ಇಳಿಸಿದರೋ ಅವರು ಅವತ್ತು ಪಾತ್ರೆ ಒರೆಸಬೇಕು. ಲೋವೆಲ್ ಮೂರು ವರ್ಷ ಚಿಕ್ಕವನು, ಕಾಲೂ ಚಿಕ್ಕದು, ಹೊಟ್ಟೆಯಲ್ಲಿ ಬಲವಿಲ್ಲ. ಪಾತ್ರೆಯೆಲ್ಲ ಅವನೇ ಒರೆಸಿದ.

೧೯೬೧ರ ಚಳಿಗಾಲದಲ್ಲಿ ಏಳು ವರ್ಷದ ಲೋವೆಲ್‌ಗೆ ಒಂದು ಘನವಾದ ಯೋಚನೆ ಬಂತು. ಜಗಲಿಯ ಮೇಲಿನ ಹಿಮವನ್ನು ಸಲಿಕೆಯಿಂದ ಎಳೆಯುವ ಬದಲು ಅಮ್ಮನ ಯಂತ್ರದಿಂದ ಹೀರಿಬಿಟ್ಟರೆ? ಹೀರಿದ. ಅರ್ಧ ಜಗಲಿ ಬೆಳ್ಳಗಾಗಿದ್ದದ್ದು ಹಲಗೆ ಬಣ್ಣಕ್ಕೆ ಬಂತು, ಆಮೇಲೆ ಯಂತ್ರದ ಬಾಯಿಂದ ನೀಲಿ ಹೊಗೆ ಬಂತು. ಅಮ್ಮ ಬೈಯಲಿಲ್ಲ. ಅಡಿಗೆಮನೆಯ ಕುರ್ಚಿಯಲ್ಲಿ ಕೂತು ಸೆರಗಿಲ್ಲದ ಊರಿನ ಹೆಂಗಸರು ಮಾಡುವಂತೆ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಮೂರು ವರ್ಷ ಕಂತು ಕಟ್ಟಿ ತೀರಿಸಿದ ಯಂತ್ರ ಅದು.

ಅಪ್ಪ ಹಾಲಿನ ಡೈರಿಯಲ್ಲಿ ಮೆಕ್ಯಾನಿಕ್. ಕ್ಷೌರದಂಗಡಿಯವರು ಹಿತ್ತಲಿಗೆಸೆದಿದ್ದ ಮಾರ್ವಿಕ್ ಎಂಬ ಬೇರೆ ಕಂಪನಿಯ ಯಂತ್ರವನ್ನು ಹೊತ್ತು ತಂದು, ಅದರ ಮೋಟಾರು ಕಿತ್ತು, ಗ್ಲೆನ್‌ಹಾರ್ಟಿನ ಹೊಟ್ಟೆಗೆ ಕೂರಿಸಿದ. ಅಳತೆ ಕೂಡಲಿಲ್ಲ. ಸಂದಿನಲ್ಲಿ ಗಾಳಿ ಸೋರುತ್ತಿತ್ತು. ಅತ್ತಿತ್ತ ನೋಡಿದ ಅಪ್ಪ ಬಾಗಿಲ ಹಿಂದಿದ್ದ ಆರ್ಡಿತ್‌ಳ ಹೊಸ ಕೆಂಪು ರಬ್ಬರ್ ಬೂಟನ್ನು ತೆಗೆದುಕೊಂಡು, ಬ್ಲೇಡಿನಿಂದ ಅದರ ಕತ್ತನ್ನು ಬಳೆಯಂತೆ ಕೊಯ್ದು, ಮೋಟಾರಿಗೆ ತೊಡಿಸಿದ. ಹತ್ತು ವರ್ಷದ ಆರ್ಡಿತ್ ಮನೆ ಹಾರಿಹೋಗುವಂತೆ ಅತ್ತಳು.

"ಅಳಬೇಡ್ವೇ. ಬೂಟು ಇನ್ನೊಂದು ಬರುತ್ತೆ. ನಿಮ್ಮಮ್ಮ ಮತ್ತೆ ನಗೋದು ಬೇಡ್ವಾ?" ಎಂದ ಅಪ್ಪ.

ಅಮ್ಮ ನಕ್ಕಳು. ಆದರೆ ಅಂದಿನಿಂದ ಆ ಯಂತ್ರ ಲೋಕದಲ್ಲಿ ಯಾವ ಯಂತ್ರವೂ ಕೂಗದ ಹಾಗೆ ಕೂಗತೊಡಗಿತು. ಮೊದಲು ಎರಡು ಕೆಮ್ಮು, ಆಮೇಲೆ ಏರುವ ಗುರ್ರೆನ್ನುವ ದನಿ, ಅದರ ಪಕ್ಕದಲ್ಲೇ ಕೆಂಪು ಬೂಟಿನ ಸಂದಿನಿಂದ ಹೊರಡುವ ಒಂದು ಸಣ್ಣ ಸಿಳ್ಳೆ. ಅಮ್ಮ ಐವತ್ತೆರಡು ವರ್ಷ ಅದರಲ್ಲೇ ಮನೆ ಗುಡಿಸಿದಳು.

ಅಮ್ಮ ತೀರಿಕೊಂಡು ಹನ್ನೊಂದು ವರ್ಷ. ಮಣ್ಣು ಮಾಡಿ ಬಂದ ದಿನ, ನೆರೆಯವರು ತಂದಿಟ್ಟ ಹ್ಯಾಮು, ಆಲೂಗಡ್ಡೆಗಳ ನಡುವೆ ಅಕ್ಕ ತಮ್ಮ ಅಡಿಗೆಮನೆಯಲ್ಲಿ ನಿಂತಿದ್ದರು. ಮೂಲೆಯಲ್ಲಿ ಯಂತ್ರ ಇತ್ತು. ಆರ್ಡಿತ್ ತನ್ನ ಎಂದಿನ ಭರವಸೆಯಲ್ಲಿ ಹೇಳಿದಳು: "ಇದನ್ನ ನಾನು ಒಯ್ತೀನಿ. ನನ್ನ ಹತ್ರ ಸರಿಯಾದ ಗ್ಲೆನ್‌ಹಾರ್ಟ್ ಮೋಟಾರಿದೆ. ಒಳಗಿರೋ ಆ ಗುಜರಿ ಕಿತ್ತು ಬಿಸಾಕಿ, ಅಂಗಡಿಯಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡಿಬಿಡ್ತೀನಿ."

ಸಂಗ್ರಹ ಮಾಡುವವರಲ್ಲಿ ಇದು ತಪ್ಪು ಮಾತಲ್ಲ. ಕಾರ್ಖಾನೆಯಿಂದ ಹೊರಟಾಗ ಇದ್ದ ರೂಪಕ್ಕೆ ತರುವುದೇ ಅವರ ಧರ್ಮ. ಬೇರೆ ಕಂಪನಿಯ ಒಂದು ತಿರುಪು ಕಂಡರೂ ಅವರಿಗೆ ಪಾಯಸದಲ್ಲಿ ಕಲ್ಲು ಸಿಕ್ಕಂತೆ. ಲೋವೆಲ್ ಪಾತ್ರೆ ಒರೆಸುತ್ತಾ ನಿಂತ. ಹತ್ತು ದಿನ ಕಳೆದು ಫೋನು ಮಾಡಿದ. "ಮನೆ ಖಾಲಿ ಮಾಡೋವಾಗ ಸಾಮಾನೆಲ್ಲ ಅಂಗಳದಲ್ಲಿಟ್ಟು ಮಾರಿದೆ. ಯಂತ್ರ ಯಾರೋ ಒಯ್ದರು. ಯಾರು ಅಂತ ಗೊತ್ತಿಲ್ಲ."

ಆರ್ಡಿತ್ ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಎಂದೂ ಏನೂ ಉಳಿಸಿಕೊಳ್ಳದವನು, ಮೊದಲು ಹಿಮ ಹೀರಿ ಕೊಂದೆ, ಈಗ ಮಾರಿ ಕೊಂದೆ ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಅಕ್ಕ ತಮ್ಮನ ನಡುವೆ ಉಳಿದದ್ದು ಲೋವೆಲ್‌ನ ಹೆಂಡತಿ ಬೆಟ್ಟಿ ಸಹಿ ಹಾಕಿ ಕಳಿಸುತ್ತಿದ್ದ ಕ್ರಿಸ್‌ಮಸ್ ಕಾರ್ಡು. ಅವಳು ಸತ್ತ ಮೇಲೆ ಅದೂ ನಿಂತಿತು. ಅವಳ ಮಣ್ಣಿಗೆ ಆರ್ಡಿತ್ ಹೋಗಿದ್ದಳು, ಹಿಂದಿನ ಸಾಲಿನಲ್ಲಿ ಕೂತು ಮಾತಾಡಿಸದೆ ಬಂದಿದ್ದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಇಬ್ಬರದೂ.

ಪ್ರತಿ ಜೂನ್ ತಿಂಗಳ ಎರಡನೆಯ ಶನಿವಾರ ಹಾರ್ಲಿಟನ್ನಿನ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಹಳೆಯ ವ್ಯಾಕ್ಯೂಮ್ ಕ್ಲೀನರ್ ಸಂಗ್ರಹಿಸುವವರ ಕೂಟ ಸೇರುತ್ತದೆ. ಐದಾರು ರಾಜ್ಯಗಳಿಂದ ಜನ ಬರುತ್ತಾರೆ. ಬೆಳಿಗ್ಗೆ ಬಿಡಿಭಾಗಗಳ ವಿನಿಮಯ, ಮಧ್ಯಾಹ್ನ ಬೆಣ್ಣೆ ಹಾಕಿದ ನೂಡಲ್ಸು, ಚೆರ್ರಿ ಪೈ, ಊಟದ ಮೇಲೆ ಕಿವಿಯ ಪಂದ್ಯ. ಅಡಿಗೆಮನೆಯ ಟವೆಲ್ಲಿನಿಂದ ಕಣ್ಣು ಕಟ್ಟಿ ಕೂರಿಸುತ್ತಾರೆ. ಹನ್ನೆರಡು ಯಂತ್ರಗಳನ್ನು ಒಂದೊಂದಾಗಿ ಚಾಲೂ ಮಾಡುತ್ತಾರೆ. ಸದ್ದು ಕೇಳಿ ಹೆಸರು ಹೇಳಬೇಕು. ಒಂಬತ್ತು ವರ್ಷದಿಂದ ಗೆದ್ದವಳು ಆರ್ಡಿತ್, ಒಂಬತ್ತು ವರ್ಷದಿಂದ ಎರಡನೆಯವನು ರಿಪೇರಿ ಅಂಗಡಿ ಇಟ್ಟಿದ್ದ ರಾಯ್ಸ್ ಟಿಬೆಟ್ಸ್.

"ಏನಮ್ಮಾ ಆರ್ಡಿತ್, ಈ ಸಲ ಸೋತ ಮೇಲೆ ಅಳೋಕೆ ಕರ್ಚೀಫ್ ತಂದಿದ್ದೀಯಾ?" ಎಂದ ರಾಯ್ಸ್.

"ತಂದಿದ್ದೀನಿ. ಪ್ರತಿ ವರ್ಷ ನಿನಗೇ ಬೇಕಾಗುತ್ತಲ್ಲ."

ಆ ವರ್ಷವೂ ಅವಳು ಹನ್ನೆರಡಕ್ಕೆ ಹನ್ನೆರಡು ಹೇಳಿದಳು. ಎಂಟನೆಯದರ ಬೆಲ್ಟು ಸವೆದಿದೆ ಎಂದೂ ಪುಕ್ಕಟೆಯಾಗಿ ಸೇರಿಸಿದಳು. ರಾಯ್ಸ್ ಹನ್ನೊಂದಕ್ಕೆ ನಿಂತ. ಕರ್ಚೀಫು ಅವನಿಗೇ ಹೋಯಿತು.

ಕೊನೆಗೆ ಉಳಿಯುವುದು ಸವಾಲಿನ ಯಂತ್ರ. ಯಾರಾದರೂ ಸದಸ್ಯರಾಗಲಿ, ಹೊರಗಿನವರಾಗಲಿ, ತಮ್ಮದೊಂದು ಯಂತ್ರವನ್ನು ಹೆಸರು ಹೇಳದೆ ಕಾರ್ಯದರ್ಶಿ ನೇಡಿನ್ ಶ್ರಾಕ್‌ಗೆ ಒಪ್ಪಿಸಬಹುದು. ಜೊತೆಗೆ ಅಂಟಿಸಿದ ಲಕೋಟೆಯಲ್ಲಿ ಉತ್ತರ. ಗೆದ್ದವರು ಕಣ್ಣು ಕಟ್ಟಿಕೊಂಡೇ ಕೇಳಿ ಒಂದೇ ಹೆಸರು ಹೇಳಬೇಕು. ಸರಿಯಾದರೆ ಯಂತ್ರ ಅವರದು. ತಪ್ಪಾದರೆ ಅವರ ಸಂಗ್ರಹದಿಂದ ತನಗೆ ಬೇಕಾದ್ದನ್ನು ಆ ಮಾಲೀಕ ಆರಿಸಿಕೊಳ್ಳುತ್ತಾನೆ. ಲಕೋಟೆಯೊಳಗಿನ ಹೆಸರೇ ಹೆಸರು, ಅದಕ್ಕೆ ಅಪೀಲಿಲ್ಲ. ಬೇಡವೆಂದು ಎದ್ದು ಹೋಗಲೂಬಹುದು. ಆರ್ಡಿತ್ ಎಂದೂ ಎದ್ದು ಹೋದವಳಲ್ಲ.

"ಕೂತ್ಕೊಂಡೇ ಇದ್ದೀನಿ, ನೇಡಿನ್. ತರಿಸು," ಎಂದಳು.

ಯಾವುದೋ ಯಂತ್ರವನ್ನು ಎಳೆದು ತಂದ ಸದ್ದಾಯಿತು. ಜಾರುವ ಹಲಗೆಗಳು, ಉರುಟು ಜಾತಿಯದು ಎಂದುಕೊಂಡಳು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಪಕ್ಕೆಯ ಮೇಲೆ ಹೆಸರು ದೊಡ್ಡದಾಗಿ ಕಾಣುತ್ತಿರಬೇಕು, ಸುಲಭದ್ದಿರಬೇಕು. ನೇಡಿನ್ ಸ್ವಿಚ್ಚು ಒತ್ತಿದಳು.

ಎರಡು ಕೆಮ್ಮು. ಗುರ್ರೆಂದು ಏರಿದ ದನಿ. ಆಮೇಲೆ ಸಿಳ್ಳೆ.

ಟವೆಲ್ಲಿನ ಕತ್ತಲೆಯಲ್ಲಿ ಶನಿವಾರದ ಬೆಳಕು ಬಿದ್ದ ಸೋಫಾ ಕಂಡಿತು, ಅಮ್ಮನ ಕಂದು ಬಣ್ಣದ ಚಪ್ಪಲಿ ಕಂಡಿತು. ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇದೇ. ಇದೇ. ಹನ್ನೊಂದು ವರ್ಷದ ಹಿಂದೆ ಯಾರೋ ಅಂಗಳದಿಂದ ಒಯ್ದದ್ದು ಇಲ್ಲಿಗೆ ಬಂದು ಕೂತಿದೆ.

"ಒಂದು ನಿಮಿಷ," ಎಂದು ನೇಡಿನ್ ಮೊಟ್ಟೆ ಬೇಯಿಸುವಾಗ ಹೊತ್ತು ಅಳೆಯುವ ಗಂಟೆಯನ್ನು ತಿರುಗಿಸಿದಳು. ಟಿಕ್ ಟಿಕ್ ಶುರುವಾಯಿತು.

ಉತ್ತರ ಹೇಳುವುದು ಎಷ್ಟು ಸುಲಭ! ಒಯ್ದವರಿಗೆ ಒಳಗಿನ ಕಥೆ ಏನು ಗೊತ್ತು? ಪಕ್ಕೆಯ ಮೇಲಿನ ಬೆಳ್ಳಿ ಅಕ್ಷರ ನೋಡಿ ಗ್ಲೆನ್‌ಹಾರ್ಟ್ ಎಂದೇ ಬರೆದಿರುತ್ತಾರೆ. ಅವಳೂ ಗ್ಲೆನ್‌ಹಾರ್ಟ್ ಎಂದರೆ ಮುಗಿಯಿತು. ಅಮ್ಮನ ಯಂತ್ರ ಸಂಜೆಗೆ ಮನೆಯಲ್ಲಿರುತ್ತದೆ. ಮಾರ್ವಿಕ್ ಎಂದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವಂತೆ, ಇದೂ ಹೋಗುತ್ತದೆ, ಕೊಟ್ಟಿಗೆಯಿಂದ ಇನ್ನೊಂದೂ ಹೋಗುತ್ತದೆ. ಬೇಡಿ ಕೊಳ್ಳೋಣವೆಂದರೆ ಸವಾಲಿನ ಯಂತ್ರವನ್ನು ಸೋತವರಿಗೆ ಮಾರುವಂತಿಲ್ಲ. ಕೂಟದ ಹಳೆಯ ಕಟ್ಟುಪಾಡು ಅದು, ಮಾಡಿದವರಲ್ಲಿ ಅವಳೂ ಒಬ್ಬಳು.

ಗ್ಲೆನ್ ಎಂದು ನಾಲಿಗೆ ಹೊರಳಿಯೇ ಬಿಟ್ಟಿತ್ತು. ಅಷ್ಟರಲ್ಲಿ ಸಿಳ್ಳೆ ಸ್ವಲ್ಪ ಏರಿತು. ಯಂತ್ರ ಬಿಸಿಯಾದಾಗ ಅದು ಏರುತ್ತಿತ್ತು. ಅದು ಅವಳ ಬೂಟು. ಅಪ್ಪ ಅಡಿಗೆಮನೆಯ ನೆಲದ ಮೇಲೆ ಮಂಡಿಯೂರಿ, ಬಾಯಲ್ಲಿ ಎರಡು ತಿರುಪು ಕಚ್ಚಿಕೊಂಡು, ಅದನ್ನು ಮೋಟಾರಿಗೆ ತೊಡಿಸಿದ್ದ. ಗ್ಲೆನ್‌ಹಾರ್ಟ್ ಎಂದರೆ ಅಪ್ಪ ಆ ರಾತ್ರಿಯೆಲ್ಲ ಕೂತದ್ದು ಸುಳ್ಳು ಎಂದ ಹಾಗೆ. ಗುಜರಿ ಎಂದ ಹಾಗೆ.

ಗುಜರಿ. ಆ ಮಾತನ್ನು ಅಂದವರು ಯಾರು ಎಂದು ಅವಳಿಗೆ ಆಗ ನೆನಪಾಯಿತು. ಮಣ್ಣು ಮಾಡಿ ಬಂದ ದಿನ, ಅಮ್ಮನ ಅಡಿಗೆಮನೆಯಲ್ಲೇ ನಿಂತು, ಕಿತ್ತು ಬಿಸಾಕುತ್ತೇನೆ ಎಂದದ್ದು ಅವಳೇ. ಈ ಕೆಮ್ಮು, ಈ ಗುರುಗುಟ್ಟು, ಈ ಸಿಳ್ಳೆ, ಇಷ್ಟನ್ನೂ ಕಿತ್ತು ಬಿಸಾಕಿ ಹೊಳೆಯುವ ಚರ್ಮ ಒಂದನ್ನು ಇಟ್ಟುಕೊಳ್ಳಲು ಹೊರಟಿದ್ದಳು. ಹಾಗೆ ಮಾಡಿದ್ದರೆ ಇವತ್ತು ಕಣ್ಣು ಕಟ್ಟಿ ಕೂತವಳಿಗೆ ತನ್ನ ಅಮ್ಮನ ಯಂತ್ರದ ಗುರುತೇ ಸಿಗುತ್ತಿರಲಿಲ್ಲ. ಲೋಕದ ಯಂತ್ರಗಳನ್ನೆಲ್ಲ ಗುರುತಿಸುವ ಕಿವಿಗೆ ಇದೊಂದು ಹನ್ನೊಂದು ವರ್ಷ ಕೇಳಿಸಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಗಂಟೆ ಬಾರಿಸಿತು.

"ಹೆಸರು?" ಎಂದಳು ನೇಡಿನ್.

"ಮಾರ್ವಿಕ್," ಎಂದಳು ಆರ್ಡಿತ್. ಬಸ್ಸಿನ ಕೊನೆಯ ಸೀಟಿಗೂ ಕೇಳಿಸುತ್ತಿದ್ದ ಹಳೆಯ ದನಿಯಲ್ಲಿ ಹೇಳಿದಳು.

ರಾಯ್ಸ್ ಎದ್ದೇ ನಿಂತ. "ಅಯ್ಯೋ ಪುಣ್ಯಾತ್ಗಿತ್ತಿ! ಪಕ್ಕೆ ಮೇಲೆ ಬರೆದಿದೆಯಲ್ಲೇ, ಇಷ್ಟುದ್ದ! ಗ್ಲೆನ್‌ಹಾರ್ಟ್! ನನ್ನ ಮೊಮ್ಮಗು ಹೇಳುತ್ತೆ!"

"ಪಕ್ಕೆ ಮೇಲೆ ಏನಿದೆ ಅಂತ ನನಗೂ ಗೊತ್ತು, ರಾಯ್ಸ್. ಹಿಡಿಯ ಕೆಳಗೆ ಚಿಕ್ಕಂದಿನಲ್ಲಿ ನನ್ನ ತಮ್ಮ ಹಲ್ಲು ಕಚ್ಚಿದ ಗುರುತಿದೆ, ಅದೂ ಗೊತ್ತು. ನನ್ನನ್ನ ಕೇಳಿದ್ದು ಹಾಡ್ತಿರೋದು ಯಾರು ಅಂತ. ಮಾರ್ವಿಕ್. ಕೂತ್ಕೋ."

"ಒಂದೇ ಹೆಸರು, ಆರ್ಡಿತ್," ಎಂದಳು ನೇಡಿನ್ ಸಂಕಟದಲ್ಲಿ. "ಬದಲಾಯಿಸೋಕೆ ಆಗಲ್ಲ."

"ಬದಲಾಯಿಸು ಅಂತ ಯಾರು ಕೇಳಿದ್ರು? ಲಕೋಟೆ ಒಡಿ. ಸೋತರೆ ಸೋತೆ."

ಟವೆಲ್ಲನ್ನು ಅವಳೇ ಬಿಚ್ಚಿಕೊಂಡಳು. ಎದುರಿಗೆ ಬೂದು ಬಣ್ಣದ ಗ್ಲೆನ್‌ಹಾರ್ಟ್ ನಿಂತಿತ್ತು. ಪಾಲಿಶಿಲ್ಲ, ಹೊಸ ಬಣ್ಣವಿಲ್ಲ. ತಂತಿಗೆ ಸುತ್ತಿದ್ದ ಕಪ್ಪು ಟೇಪು ಅಪ್ಪನದೇ, ಅದರ ಮೇಲೆ ಇನ್ಯಾರೋ ಹೊಸದೊಂದು ಸುತ್ತು ಸುತ್ತಿದ್ದರು. ಜಾರುವ ಹಲಗೆಗಳು ಸವೆದು ತೆಳ್ಳಗಾಗಿದ್ದವು. ಇದು ಶೆಲ್ಫಿನ ಮೇಲೆ ಕೂತ ಯಂತ್ರವಲ್ಲ, ವಾರವಾರವೂ ದುಡಿದ ಯಂತ್ರ ಎಂದು ಅವಳಿಗೆ ನೋಡಿದೊಡನೆ ತಿಳಿಯಿತು.

ನೇಡಿನ್ ಲಕೋಟೆ ಒಡೆದು ಚೀಟಿ ನೋಡಿದಳು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದಳು. ಆಮೇಲೆ ಗಟ್ಟಿಯಾಗಿ ಓದಿದಳು:

"ಮಾರ್ವಿಕ್. ಅಪ್ಪ ಹಾಕಿದ್ದು. ಅವಳು ಗ್ಲೆನ್‌ಹಾರ್ಟ್ ಅಂದರೆ ಕೊಡಬೇಡಿ."

ಆರ್ಡಿತ್ ಚೀಟಿಯನ್ನು ಕಸಿದುಕೊಂಡಳು. ದಪ್ಪ ದಪ್ಪ ಅಕ್ಷರ, ಬಲಕ್ಕೆ ವಾಲಿದ್ದು. ಮೊದಲನೇ ಕ್ಲಾಸಿನಲ್ಲಿ ಅವಳೇ ಕೈಹಿಡಿದು ತೀಡಿಸಿದ ಅಕ್ಷರ. ತಲೆಯೆತ್ತಿ ನೋಡಿದಾಗ ಹಿಂದೆ, ಪೈ ಇಟ್ಟ ಮೇಜಿನ ಬಳಿ, ಟೋಪಿ ಕೈಯಲ್ಲಿ ಹಿಡಿದುಕೊಂಡು ಲೋವೆಲ್ ನಿಂತಿದ್ದ. ಕೂದಲೆಲ್ಲ ಬಿಳಿಯಾಗಿತ್ತು. ಮಂಡಿಗೆ ಪಟ್ಟಿ ಕಟ್ಟಿದ್ದ. ಬಾಯಿಯ ಮೂಲೆಯಲ್ಲಿ ಚೆರ್ರಿಯ ಕೆಂಪು ಅಂಟಿತ್ತು.

"ಮಾರಿದೆ ಅಂದೆಯಲ್ಲೋ," ಎಂದಳು ಆರ್ಡಿತ್, ಇಡೀ ಸಭೆ ಕೇಳುವಂತೆ.

"ಸುಳ್ಳು ಹೇಳಿದೆ."

"ಹನ್ನೊಂದು ವರ್ಷ?"

"ಒಂದೇ ಸಲ ಹೇಳಿದ್ದು. ಹನ್ನೊಂದು ವರ್ಷ ನಂಬಿದ್ದು ನೀನು." ಲೋವೆಲ್ ನಿಧಾನಕ್ಕೆ ಮುಂದೆ ಬಂದ. "ಏನು ಮಾಡಲಿ ಆರ್ಡಿ? ಕಿತ್ತು ಬಿಸಾಕ್ತೀನಿ ಅಂದೆ. ನಿನ್ನ ಕೊಟ್ಟಿಗೆಯಲ್ಲಿ ನೂರಿತ್ತು, ನನಗೆ ಇದೊಂದೇ. ಪ್ರತಿ ಶನಿವಾರ ಓಡಿಸಿದ್ದೀನಿ. ಬೆಟ್ಟಿಗೂ ಬೇರೇದು ಮುಟ್ಟೋಕೆ ಬಿಡಲಿಲ್ಲ, ಪಾಪ, ಅವಳು ಬಯ್ಕೊಂಡೇ ಎಳೀತಿದ್ಲು."

"ಮತ್ತೆ ಈಗ ಯಾಕೆ ತಂದೆ?"

"ಮಗಳ ಹತ್ರ ಅರಿಜೋನಾಗೆ ಹೋಗ್ತಿದ್ದೀನಿ. ಅಲ್ಲಿ ಮನೆ ತುಂಬ ಕಲ್ಲಿನ ನೆಲ. ಒಂದು ಅಂಗೈಯಗಲ ಕಾರ್ಪೆಟ್ಟಿಲ್ಲ. ಇದನ್ನ ಅಲ್ಲಿಗೆ ಒಯ್ದು ಮೂಲೆಗಿಟ್ಟರೆ ನಾನೂ ಕೊಂದಂಗೇ ಅಲ್ವಾ? ನಿನಗೆ ಕೊಡೋಣ ಅಂದ್ಕೊಂಡೆ. ಧೈರ್ಯ ಬರಲಿಲ್ಲ. ಅದಕ್ಕೇ ಅದರ ದನಿಯನ್ನೇ ನಿನಗೆ ಕೇಳಿಸೋಣ ಅಂತ ತಂದೆ." ಅವನು ಮೂಗು ಉಜ್ಜಿಕೊಂಡ. "ಗ್ಲೆನ್‌ಹಾರ್ಟ್ ಅಂದಿದ್ರೆ ಕಾರಿಗೆ ಹಾಕ್ಕೊಂಡು ಹೊರಟುಬಿಡ್ತಿದ್ದೆ. ಆಣೆ."

"ನಾಲಿಗೆ ತುದಿಗೆ ಬಂದಿತ್ತು ಕಣೋ," ಎಂದಳು ಆರ್ಡಿತ್.

ಹಾಗೆ ಹೇಳಬೇಕಾದ ಅಗತ್ಯವಿರಲಿಲ್ಲ. ಯಾರೂ ಕೇಳಿರಲಿಲ್ಲ. ಆದರೆ ಅವಳು ಹೇಳಿದಳು, ಅದರ ಹಿಂದೆಯೇ, ಒಂಬತ್ತು ವರ್ಷದಲ್ಲಿ ಆ ಸಭಾಂಗಣದಲ್ಲಿ ಯಾರೂ ಅವಳ ಬಾಯಿಂದ ಕೇಳದ ಮಾತನ್ನೂ ಹೇಳಿದಳು: "ನಂದೇ ತಪ್ಪು. ಅವತ್ತು ಅಡಿಗೆಮನೆಯಲ್ಲಿ ಅಂದದ್ದು ತಪ್ಪು. ಬೆಟ್ಟಿಯ ಮಣ್ಣಿಗೆ ಬಂದು ನಿನ್ನನ್ನ ಮಾತಾಡಿಸದೆ ಹೋದದ್ದು ಅದಕ್ಕಿಂತ ದೊಡ್ಡ ತಪ್ಪು."

ಲೋವೆಲ್ ಟೋಪಿಯನ್ನು ಒಮ್ಮೆ ತಿರುಗಿಸಿದ. "ಹಿಂದಿನ ಸಾಲಲ್ಲಿ ನೀನಿದ್ದದ್ದು ನೋಡಿದ್ದೆ," ಎಂದ. "ಮೂಗು ಸೀನಿದ್ದು ಕೇಳಿಸ್ತು. ಆ ಸದ್ದೂ ಲೋಕದಲ್ಲಿ ಒಂದೇ."

ರಾಯ್ಸ್ ಗೊಳ್ಳೆಂದು ನಕ್ಕ, ಆಮೇಲೆ ಆರ್ಡಿತ್ ಕೊಟ್ಟಿದ್ದ ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡ.

"ಪಾಲಿಶ್ ಮಾಡ್ತೀಯಾ?" ಎಂದು ಲೋವೆಲ್ ಅನುಮಾನದಿಂದ ಕೇಳಿದ.

"ಒದ್ದೆ ಬಟ್ಟೆಯಲ್ಲಿ ಒರೆಸ್ತೀನಿ. ಅಷ್ಟೇ."

"ಮೋಟಾರು?"

"ಮುಟ್ಟಿದರೆ ನನ್ನ ಇನ್ನೊಂದು ಬೂಟೂ ಕೊಯ್ದು ಹಾಕು."

ಎಲ್ಲರೂ ಕುರ್ಚಿ ಮಡಿಚತೊಡಗಿದ್ದರು. ಪಂದ್ಯಕ್ಕೆಂದು ಹಾಸಿದ್ದ ಹಸಿರು ಕಾರ್ಪೆಟ್ಟಿನ ಮೇಲೆ ಪೈಯ ಪುಡಿ, ಕಾಗದದ ಚೂರು. ಆರ್ಡಿತ್ ಮಂಡಿ ನೋಯುವ ತಮ್ಮನನ್ನು ಅದರಂಚಿನ ಕುರ್ಚಿಯಲ್ಲಿ ಕೂರಿಸಿದಳು. ಕೊಳವೆ ಸಿಕ್ಕಿಸಿ, ಸ್ವಿಚ್ಚನ್ನು ಕಾಲ ತುದಿಯಿಂದ ಒತ್ತಿದಳು, ಅಮ್ಮ ಒತ್ತುತ್ತಿದ್ದ ಹಾಗೆ. ಕೆಮ್ಮಿತು, ಕೆಮ್ಮಿತು, ಏರಿತು, ಸಿಳ್ಳೆ ಹಾಕಿತು. ಅವಳು ಒಂದೇ ಹದದಲ್ಲಿ ಗುಡಿಸುತ್ತಾ ಕುರ್ಚಿಯ ಹತ್ತಿರ ಬಂದಳು.

"ಕಾಲು!"

ಎಪ್ಪತ್ತು ವರ್ಷದ ಲೋವೆಲ್ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು, ಪಟ್ಟಿ ಕಟ್ಟಿದ ಕಾಲನ್ನೂ ಸೇರಿಸಿ ಎರಡನ್ನೂ ಮೇಲೆತ್ತಿದ. ಹಲ್ಲು ಕಚ್ಚಿಕೊಂಡ, ಮುಖ ಕೆಂಪಗಾಯಿತು, ಕಾಲು ನಡುಗಿತು. ಆರ್ಡಿತ್ ಅವನ ಕೆಳಗಿನ ನೆಲವನ್ನು ಬೇಕಂತಲೇ ಮೂರು ಸಲ ಗುಡಿಸಿದಳು. ಅವನು ಇಳಿಸಲಿಲ್ಲ. ಅವತ್ತು ಕೂಟದ ಊಟದ ಪಾತ್ರೆಗಳನ್ನೆಲ್ಲ ಒರೆಸಿದವಳು ಆರ್ಡಿತ್.